ಅರಿವಿ ಕಡಬು

“ಅಕ್ಕಾರು ಏನಂದ್ರು?” ಅಜ್ಜಿ ಕೇಳಿದರು.

ಸಾನ್ವಿ ಬಾಯಿ ತೆರೆದಳು.

ಪಕ್ಕದ ಮನೆಯ ಅಡುಗೆಮನೆಯಲ್ಲಿ, ದುಂಡು ಮೇಜಿನ ಒಂದು ಕಡೆ ಅಜ್ಜಿ ಕೂತಿದ್ದರು, ಇನ್ನೊಂದು ಕಡೆ ಆ ಮನೆಯ ಮಿಸ್ ಐಲ್ಸಾ, ಅಜ್ಜಿಯ ‘ಅಕ್ಕಾರು’. ನಡುವೆ ಸಾನ್ವಿ. ಅಜ್ಜಿಗೆ ಇಂಗ್ಲಿಷ್ ಬಾರದು, ಮಿಸ್ ಐಲ್ಸಾಗೆ ಕನ್ನಡ ಬಾರದು. ಹಾಗಾಗಿ ಇಬ್ಬರೂ ಸಾನ್ವಿಯ ಬಾಯನ್ನೇ ನೋಡುತ್ತಿದ್ದರು.

ಮಿಸ್ ಐಲ್ಸಾ ಒಂದು ಸಿಹಿತಿಂಡಿಗೆ ಬೇಕಾದ ಸಾಮಾನು ಹೇಳುತ್ತಿದ್ದರು, ಅಲ್ಲಿಯವರೆಗೆ ಎಲ್ಲ ಸಲೀಸಾಗಿ ನಡೆದಿತ್ತು. ಮೈದಾ, ಬ್ರೆಡ್ಡಿನ ಪುಡಿ, ಒಣದ್ರಾಕ್ಷಿ, ದಾಲ್ಚಿನ್ನಿ, ಒಣಶುಂಠಿ, ಹಾಲು. ಬ್ರೌನ್ ಶುಗರ್ ಎಂದಾಗ ಅಜ್ಜಿ ಚಿಟಿಕೆ ಬಾಯಿಗೆ ಹಾಕಿಕೊಂಡು, “ಬೆಲ್ಲದ ತಮ್ಮ ಇದ್ದಂಗೈತಿ,” ಎಂದಿದ್ದರು. ಸಾನ್ವಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮಿಸ್ ಐಲ್ಸಾ ನಕ್ಕಿದ್ದರು.

ಆಮೇಲೆ ಅವರು “ಸೂಯೆಟ್” ಎಂದರು. ಸಾನ್ವಿಗೆ ಆ ಪದ ಗೊತ್ತಿರಲಿಲ್ಲ. ಏನದು ಎಂದು ಕೇಳಿದಳು.

“ಹಸುವಿನ ಕೊಬ್ಬು, ಮಗು,” ಎಂದರು ಮಿಸ್ ಐಲ್ಸಾ. “ಕಿಡ್ನಿಯ ಸುತ್ತ ಗಟ್ಟಿಯಾಗಿ ಇರುತ್ತಲ್ಲ, ಅದು. ನಮ್ಮಮ್ಮ ಅದಿಲ್ಲದೆ ಈ ಕ್ಲೂಟಿ ಡಂಪ್ಲಿಂಗ್ ಮಾಡುತ್ತಲೇ ಇರಲಿಲ್ಲ. ಇಲ್ಲಿ ಸಿಗೋದು ಕಷ್ಟ ಅಂತ ಪೋಸ್ಟಿನಲ್ಲಿ ತರಿಸಿದ್ದೇನೆ. ಫ್ರಿಜ್‌ನಲ್ಲಿದೆ.”

ಅದನ್ನೇ ಅಜ್ಜಿ ಈಗ ಕೇಳುತ್ತಿದ್ದುದು.

ಅಜ್ಜಿ ಮೊಟ್ಟೆಯನ್ನೂ ತಿನ್ನುವವರಲ್ಲ. ಧಾರವಾಡದಿಂದ ಬರುವಾಗ ವಿಮಾನದಲ್ಲಿ ಕೊಟ್ಟ ಊಟವನ್ನು ಮುಟ್ಟದೆ ಇಪ್ಪತ್ತೆರಡು ತಾಸು ಬರೀ ಬಾಳೆಹಣ್ಣು, ಖಟಕ್ ರೊಟ್ಟಿ, ಶೇಂಗಾ ಚಟ್ನಿ ತಿಂದುಕೊಂಡು ಬಂದವರು.

“ಬೆಣ್ಣಿ ಅಂತ,” ಎಂದಳು ಸಾನ್ವಿ.

“ಬೆಣ್ಣಿಗೆ ಅಷ್ಟುದ್ದ ಮಾತೇನು? ಕಿಡ್ನಿ ಅಂದಂಗಾತಲ್ಲ?”

“ಕಿಡ್ನಿ ಅಲ್ಲ ಅಜ್ಜಿ. ಕಿಚನ್. ಕಿಚನ್‌ದಾಗ ಇಟ್ಟೀನಿ ಅಂದ್ರು.”

“ಹಂಗೇನು,” ಎಂದರು ಅಜ್ಜಿ. “ಬೆಣ್ಣಿ ಆದ್ರ ಛಲೋ ಆತು. ಶನಿವಾರ ಮುಂಜಾನೆ ಹತ್ತಕ್ಕ ಬರ್ತೀನಂತ ಹೇಳು.”

ಸಾನ್ವಿ ಅಷ್ಟನ್ನು ಮಾತ್ರ ಸರಿಯಾಗಿ ಹೇಳಿದಳು.

ಮಿಸ್ ಐಲ್ಸಾಗೆ ಆ ಶನಿವಾರ ಎಂಬತ್ತು ತುಂಬುತ್ತಿತ್ತು. ಸ್ಕಾಟ್ಲೆಂಡಿನ ಡಂಡಿ ಊರಿನ ಹತ್ತಿರ ಹುಟ್ಟಿದವರು. ಮದುವೆಯಾಗಿ ಟೆಕ್ಸಸ್‌ಗೆ ಬಂದು, ಆಸ್ಟಿನ್‌ನಲ್ಲಿ ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ, ಮಕ್ಕಳ ಬಾಯಲ್ಲಿ ‘ಮಿಸ್’ ಆಗಿ, ಈಗ ಹತ್ತಿರದ ಲಿಯಾಂಡರ್ ಊರಿನ ಈ ಚಿಕ್ಕ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಪ್ರತಿ ಹುಟ್ಟುಹಬ್ಬಕ್ಕೂ ತಾವೇ ಡಂಪ್ಲಿಂಗ್ ಮಾಡಿಕೊಳ್ಳುತ್ತಿದ್ದರು. ಈ ಸಲ ಆಗುವಂತಿರಲಿಲ್ಲ. ಮೂರು ವಾರದ ಹಿಂದೆ ಮೆಟ್ಟಿಲಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಕೈ ಪ್ಲಾಸ್ಟರಿನೊಳಗಿತ್ತು.

ಅವರು ಬಿದ್ದದ್ದನ್ನು ಮೊದಲು ಕಂಡದ್ದು ಅಜ್ಜಿ. ಅಜ್ಜಿ ಆಗಸ್ಟ್‌ನಲ್ಲಿ ಬಂದಾಗಿನಿಂದ ಹಗಲೆಲ್ಲ ಕಿಟಕಿಯ ಹತ್ತಿರವೇ ಕೂತಿರುತ್ತಿದ್ದರು. ಅಪ್ಪ ಬೆಳಿಗ್ಗೆಯೇ ಟ್ರೇನ್ ಹಿಡಿದು ಆಸ್ಟಿನ್‌ಗೆ, ಅಮ್ಮ ಕ್ಲಿನಿಕ್‌ಗೆ, ಸಾನ್ವಿ ಸ್ಕೂಲಿಗೆ. ಸಂಜೆ ಬಂದು ಕೇಳಿದರೆ, “ಇವತ್ತ ಕಂದು ಬಣ್ಣದ ಪಾರ್ಸೆಲ್ ಗಾಡಿ ಮೂರು ಸಲ ಬಂತು,” ಎನ್ನುತ್ತಿದ್ದರು. ಬೇರೆ ಸುದ್ದಿ ಇರುತ್ತಿರಲಿಲ್ಲ.

ಅವತ್ತು ಬರಿಗಾಲಲ್ಲಿ ಓಡಿಹೋಗಿ ಮಿಸ್ ಐಲ್ಸಾರನ್ನು ಎಬ್ಬಿಸಿ ಕೂರಿಸಿದರಲ್ಲ, ಅಲ್ಲಿಂದ ಅಜ್ಜಿ ಬದಲಾದರು. ದಿನಾ ಮಧ್ಯಾಹ್ನ ಒಂದು ಡಬ್ಬಿ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. “ಅಕ್ಕಾರ,” ಎಂದು ಕರೆಯುತ್ತಿದ್ದರು. ಮಿಸ್ ಐಲ್ಸಾ ಹೆಸರು ಹಿಡಿದು “ಗಂಗಾ” ಎನ್ನುತ್ತಿದ್ದರು. ಮಾತು ಬಾರದಿದ್ದರೂ ಇಬ್ಬರೂ ತಾಸುಗಟ್ಟಲೆ ಕೂರುತ್ತಿದ್ದರು. ಡಂಪ್ಲಿಂಗ್ ವಿಷಯ ಬಂದಾಗ ಅಜ್ಜಿಯೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ನಾ ಮಾಡಿಕೊಡತೀನಿ. ಹ್ಯಾಂಗಂತ ಕೇಳು,” ಎಂದಿದ್ದರು.

ಈಗ ಹಸುವಿನ ಕೊಬ್ಬು ಎಂದು ಹೇಳಿದರೆ? ಅಜ್ಜಿ ಎದ್ದುಬಿಡುತ್ತಾರೆ. ಮತ್ತೆ ಕಿಟಕಿ, ಮತ್ತೆ ಕಂದು ಬಣ್ಣದ ಗಾಡಿ. ಸಾನ್ವಿಗೆ ಅದು ಬೇಡವಾಗಿತ್ತು.

ಮರುದಿನ ಸ್ಕೂಲ್ ಬಸ್ಸಿನಲ್ಲಿ ಅವಳು ಕೃಷ್ಣಚೈತನ್ಯನಿಗೆ ಎಲ್ಲ ಹೇಳಿದಳು. ಅವನೂ ಫಿಫ್ತ್ ಗ್ರೇಡ್. ಅವನ ಅಪ್ಪ ಅಮ್ಮ ಮೈಸೂರಿನವರು. ಎಲ್ಲರೂ ಅವನನ್ನು ಚೈತು ಎನ್ನುತ್ತಿದ್ದರು. ಅವನ ಹತ್ತಿರ ಯಾವ ಪ್ರಾಬ್ಲಮ್‌ಗಾದರೂ ಎರಡು ನಿಮಿಷದಲ್ಲಿ ಒಂದು ಪ್ಲಾನ್ ರೆಡಿ ಇರುತ್ತಿತ್ತು.

“ಸಿಂಪಲ್ ಕಣೇ,” ಎಂದ ಚೈತು. “ಸ್ವಾಪ್ ಮಾಡಿಬಿಡು. ಆ ಬಾಕ್ಸಲ್ಲಿ ನಿಜವಾದ ಬೆಣ್ಣೆ ಹಾಕು. ಆಗ ನೀನು ಹೇಳಿದ್ದು ಸುಳ್ಳೇ ಅಲ್ಲ.”

“ಮಿಸ್ ಐಲ್ಸಾಗೆ ಗೊತ್ತಾದ್ರೆ?”

“ಅವರಿಗೆ ಏಯ್ಟಿ ಇಯರ್ಸ್. ಹೇಗೆ ಗೊತ್ತಾಗುತ್ತೆ?”

ಬಸ್ಸಿನಲ್ಲಿ ಕೇಳುವಾಗ ಅದು ಸರಿಯಾಗಿಯೇ ಕಂಡಿತು.

ಆ ಸಂಜೆ ಸಾನ್ವಿ ಫ್ರೀಜರಿನಿಂದ ಬೆಣ್ಣೆಯ ಎರಡು ಗಟ್ಟಿ ತುಂಡುಗಳನ್ನು ತೆಗೆದು ಗಜ್ಜರಿ ತುರಿಯುವ ಮಣೆಯಲ್ಲಿ ತುರಿದಳು. ಯೂಟ್ಯೂಬಿನಲ್ಲಿ ನೋಡಿಕೊಂಡಿದ್ದಳು. ಸೂಯೆಟ್ ಅಕ್ಕಿ ಕಾಳಿನಂತೆ ಬೆಳ್ಳಗೆ, ಉದುರುದುರಾಗಿ ಇರುತ್ತದೆ. ಬೆಣ್ಣೆ ಸ್ವಲ್ಪ ಹಳದಿ. ಮೈದಾದಲ್ಲಿ ಹೊರಳಿಸಿದ ಮೇಲೆ ಅದೂ ಬೆಳ್ಳಗಾಯಿತು. ಜಿಪ್ ಚೀಲಕ್ಕೆ ತುಂಬಿ, ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ಟಿನ ಕೆಳಗೆ ಬಚ್ಚಿಟ್ಟಳು.

“ಸಾನು, ತುಪ್ಪ ಕಾಸೂಣಂತ ಬೆಣ್ಣಿ ಇಟ್ಟಿದ್ದೆ,” ಅಮ್ಮ ಫ್ರೀಜರ್ ಬಾಗಿಲು ಹಿಡಿದುಕೊಂಡು ಕೇಳಿದಳು. “ಎರಡ ಉಳದಾವ. ನೋಡಿದೇನು?”

“ಸ್ಕೂಲ್ ಪ್ರಾಜೆಕ್ಟ್‌ಗೆ ತಗೊಂಡೆ.”

“ಬೆಣ್ಣಿ ಯಾವ ಪ್ರಾಜೆಕ್ಟ್?”

“ಸೈನ್ಸ್.”

ಅಮ್ಮ ಫ್ರೀಜರ್ ಬಾಗಿಲು ಮುಚ್ಚಿದಳು. ಸಾನ್ವಿ ಬೆರಳಲ್ಲಿ ಸುಳ್ಳುಗಳ ಲೆಕ್ಕ ಹಾಕಿದಳು. ಬೆಣ್ಣೆ ಒಂದು, ಕಿಚನ್ ಎರಡು, ಪ್ರಾಜೆಕ್ಟ್ ಮೂರು.

ಶುಕ್ರವಾರ ಬಸ್ಸಿನಿಂದ ಇಳಿದವಳೇ ಮನೆಗೆ ಓಡಿ ಚೀಲ ತೆಗೆದುಕೊಂಡು ಮಿಸ್ ಐಲ್ಸಾ ಮನೆಗೆ ಹೋದಳು. ಅವರ ಕೈ ಮುರಿದಾಗಿನಿಂದ ಅವರ ಟಪಾಲನ್ನು ಡಬ್ಬದಿಂದ ತೆಗೆದು ಒಳಗೆ ಇಟ್ಟುಬರುವುದು ಅವಳದೇ ಕೆಲಸವಾಗಿತ್ತು. ಅವರು ಮುಂದಿನ ರೂಮಿನಲ್ಲಿ ಟಿವಿ ನೋಡುತ್ತಿದ್ದರು.

ಫ್ರಿಜ್‌ನಲ್ಲಿದ್ದ ರಟ್ಟಿನ ಬಾಕ್ಸಿನ ಬಾಯಿ ಆಗಲೇ ತೆರೆದಿತ್ತು. ಒಳಗಿನ ಪ್ಲಾಸ್ಟಿಕ್ ಚೀಲವನ್ನು ಎರಡು ಬೆರಳಲ್ಲಿ ಎತ್ತಿ, ಕಪಾಟಿನಲ್ಲಿ ಓಟ್ಸ್ ಡಬ್ಬಿಯ ಹಿಂದೆ ತಳ್ಳಿದಳು. ಬಾಕ್ಸಿಗೆ ಬೆಣ್ಣೆ ತುರಿ ಹಾಕಿದಳು. ಒಂದು ನಿಮಿಷವೂ ಹಿಡಿಯಲಿಲ್ಲ.

“ಏನು ಬಂದಿದೆ ಮಗು?” ಮಿಸ್ ಐಲ್ಸಾ ಅಲ್ಲಿಂದಲೇ ಕೂಗಿದರು.

“ಬರೀ ಜಂಕ್ ಮೇಲ್,” ಎಂದಳು ಸಾನ್ವಿ. ಅದು ಮಾತ್ರ ನಿಜವಾಗಿತ್ತು.

ಶನಿವಾರ ಹತ್ತು ಗಂಟೆಗೆ ಅಜ್ಜಿ ಇಳಕಲ್ ಸೀರೆಯುಟ್ಟು, ಕೈಕಾಲು ತೊಳೆದು ಹೊರಟರು. ಮಿಸ್ ಐಲ್ಸಾ ಆಗಲೇ ಮೇಜಿನ ಮೇಲೆ ಎಲ್ಲ ಹರಡಿದ್ದರು. ಒಂದು ದೊಡ್ಡ ಗಾಜಿನ ಬಟ್ಟಲು, ಮಡಿಚಿದ ಬಿಳಿ ಬಟ್ಟೆ, ದಾರದ ಉಂಡೆ. ಆ ರಟ್ಟಿನ ಬಾಕ್ಸು.

“ಕ್ಲೂಟಿ ಅಂದರೆ ಬಟ್ಟೆ,” ಎಂದು ಅವರು ಬಿಳಿ ಬಟ್ಟೆಯನ್ನು ಎತ್ತಿ ತೋರಿಸಿದರು. “ನಮ್ಮ ಕಡೆಯ ಮಾತು. ಇದರೊಳಗೇ ಕಟ್ಟಿ ನೀರಲ್ಲಿ ಬೇಯಿಸುವುದು. ನಮ್ಮ ಮನೆಯಲ್ಲಿ ಅವನ್ ಇರಲಿಲ್ಲ. ನಮ್ಮಮ್ಮ ಬೆಂಕಿಯ ಮೇಲೆ ದೊಡ್ಡ ಪಾತ್ರೆ ಇಟ್ಟು ಮಾಡುತ್ತಿದ್ದರು.”

ಸಾನ್ವಿ ಹೇಳಿದಳು. “ಬಟ್ಟೆ ಅಂತ ಅಜ್ಜಿ. ಬಟ್ಟೆ ಡಂಪ್ಲಿಂಗ್.”

“ಅರಿವಿ ಕಡಬು ಅನ್ನು,” ಎಂದರು ಅಜ್ಜಿ. ಅವರು ಬಟ್ಟೆಗೆ ಅರಿವಿ ಎನ್ನುತ್ತಿದ್ದರು. “ನಾವೂ ಅರಿವಿ ಹಾಸಿ ಕಡಬು ಬೇಯಸ್ತೀವಿ. ಇದೇನು ಹೊಸಾದಲ್ಲ.”

ಮಿಸ್ ಐಲ್ಸಾ ಹೇಳುತ್ತಾ ಹೋದರು. ಅಜ್ಜಿ ಬಟ್ಟಲಿಗೆ ಹಾಕುತ್ತಾ ಹೋದರು. ಮೈದಾ, ಬ್ರೆಡ್ ಪುಡಿ, ಸಕ್ಕರೆ, ಚಿಟಿಕೆ ಸೋಡಾ. ಮೂರು ಥರದ ಒಣದ್ರಾಕ್ಷಿ. ಒಂದು ಸೇಬಿನ ತುರಿ. ದಾಲ್ಚಿನ್ನಿ ಬಿದ್ದ ಕೂಡಲೇ ಅಡುಗೆಮನೆಗೆ ಹಬ್ಬದ ವಾಸನೆ ಬಂತು.

ಆಮೇಲೆ ಅಜ್ಜಿ ಬಾಕ್ಸಿನಿಂದ ಬಿಳಿ ತುರಿಯನ್ನು ಸುರಿದುಕೊಂಡರು. ಹೆಬ್ಬೆರಳು, ತೋರುಬೆರಳ ನಡುವೆ ಒಂದಿಷ್ಟು ಹಿಡಿದು ಉಜ್ಜಿ ನೋಡಿದರು.

“ಬೆಣ್ಣಿನ ಐತಿ. ತುರದಿದ್ದು ಭಾಳ ಶಾಣೇತನ ಆತು.”

ಸಾನ್ವಿಯ ಎದೆ ಹಗುರಾಯಿತು. ಅಷ್ಟರಲ್ಲಿ ಮಿಸ್ ಐಲ್ಸಾ ಎಡಗೈ ಚಾಚಿ ತಾವೂ ಒಂದು ಚಿಟಿಕೆ ತೆಗೆದುಕೊಂಡರು. ಉಜ್ಜಿದರು. ಅವರ ಬೆರಳ ತುದಿ ಜಿಡ್ಡಾಗಿ ಹೊಳೆಯಿತು. ಮೂಗಿನ ಹತ್ತಿರ ಹಿಡಿದರು.

“ಇದು ಸೂಯೆಟ್ ಅಲ್ಲ,” ಎಂದರು. “ಸೂಯೆಟ್ ಹೀಗೆ ಬೆರಳಿಗೇ ಕರಗೋದಿಲ್ಲ. ಇದು ಬೆಣ್ಣೆ.”

ಸಾನ್ವಿ ಕಪಾಟಿನ ಕಡೆ ನೋಡಿದಳು.

“ಸೋಮವಾರ ನಾನೇ ಬಾಕ್ಸ್ ತೆರೆದು ನೋಡಿದ್ದೆ. ಸರಿಯಾಗಿತ್ತು.” ಅವರು ಬಾಕ್ಸನ್ನು ಬಗ್ಗಿಸಿ ನೋಡಿದರು. ಫ್ರಿಜ್ ತೆರೆದು ನೋಡಿದರು. ಮುಚ್ಚಿದರು. “ನಾನೇ ಇದಕ್ಕೆ ಬೆಣ್ಣೆ ತುಂಬಿಟ್ಟೆನೇ? ಯಾವಾಗ? ಈ ಕೈಯಲ್ಲಿ ತುರಿದೆನೇ?”

ಅವರು ಕುರ್ಚಿಯಲ್ಲಿ ಕೂತರು. ಸ್ಕೂಲ್ ಬಸ್ ಓಡಿಸುತ್ತಿದ್ದವರ ಗಟ್ಟಿ ದನಿ ಸಣ್ಣದಾಗಿತ್ತು.

“ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು, ಸಾನ್ವಿ. ಮೊದಲು ಬೀಗದ ಕೈಯನ್ನು ಸಕ್ಕರೆ ಡಬ್ಬಿಯಲ್ಲಿ ಇಟ್ಟರು. ಆಮೇಲೆ ಒಂದು ದಿನ ನನ್ನನ್ನೇ ನೋಡಿ, ನೀನು ಯಾರ ಮಗಳು ಅಂತ ಕೇಳಿದರು.”

ಪ್ಲಾಸ್ಟರ್ ಕೈ ಮೇಜಿನ ಮೇಲಿತ್ತು. ಇನ್ನೊಂದು ಕೈಯಿಂದ ಅವರು ಖಾಲಿ ಬಾಕ್ಸನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದರು.

“ಏನಾತು?” ಅಜ್ಜಿ ಕೇಳಿದರು. “ಅಕ್ಕಾರು ಯಾಕ ಹಿಂಗ ಕುಂತ್ರು? ಮೈಯಾಗ ಆರಾಮಿಲ್ಲೇನು?”

ಸಾನ್ವಿ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅಂಗಡಿಯವರು ತಪ್ಪು ಬಾಕ್ಸ್ ಕಳಿಸಿದ್ದಾರೆ ಎನ್ನಬಹುದಿತ್ತು. ನಾಲ್ಕನೆಯ ಸುಳ್ಳು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಆದರೆ ಖಾಲಿ ಬಾಕ್ಸು ಹಿಡಿದು ಕೂತ ಅವರನ್ನು ನೋಡಿದ ಮೇಲೆ ಅದನ್ನು ಹೇಳಲು ಆಗಲಿಲ್ಲ.

“ನೀವು ಮರೆತಿಲ್ಲ, ಮಿಸ್ ಐಲ್ಸಾ,” ಎಂದಳು ಇಂಗ್ಲಿಷಿನಲ್ಲಿ. “ನಾನು ಬದಲಾಯಿಸಿದ್ದು. ನಿನ್ನೆ.”

ಕಪಾಟಿನಿಂದ ಓಟ್ಸ್ ಡಬ್ಬಿ ಸರಿಸಿ, ಪ್ಲಾಸ್ಟಿಕ್ ಚೀಲ ತಂದು ಮೇಜಿನ ತುದಿಯಲ್ಲಿ ಇಟ್ಟಳು. “ನಮ್ಮ ಅಜ್ಜಿ ಇದನ್ನು ಮುಟ್ಟೋದಿಲ್ಲ. ಹೇಳಿದರೆ ಇಲ್ಲಿಗೆ ಬರೋದನ್ನೇ ಬಿಡ್ತಾರೆ ಅಂತ ಹೆದರಿಕೆ ಆಯ್ತು. ಬೆಣ್ಣೆ ಅಂತ ಹೇಳಿಬಿಟ್ಟೆ. ಆಮೇಲೆ ಬೆಣ್ಣೆಯನ್ನೇ ತಂದಿಟ್ಟೆ. ಸಾರಿ.”

ಮಿಸ್ ಐಲ್ಸಾ ಚೀಲವನ್ನೇ ನೋಡಿದರು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ಆಮೇಲೆ ಅವರ ಮುಖ ಕೆಂಪಾಯಿತು.

“ಎಷ್ಟು ಹೆದರಿದ್ದೆ ಗೊತ್ತಾ? ನನ್ನ ತಲೆಯೇ ಹೋಯಿತು ಅಂದುಕೊಂಡಿದ್ದೆ,” ಎಂದರು. “ಒಂದು ಮಾತು ಕೇಳಬೇಕಿತ್ತು ನನ್ನನ್ನು.”

“ಹೌದು,” ಎಂದಳು ಸಾನ್ವಿ.

“ಅಕ್ಕಾರು ಸಿಟ್ಟಾಗ್ಯಾರ,” ಎಂದರು ಅಜ್ಜಿ. “ಆ ಚೀಲದಾಗ ಏನೈತಿ?”

ಇನ್ನು ಅದನ್ನೇ ಇನ್ನೊಂದು ಸಲ, ಕನ್ನಡದಲ್ಲಿ ಹೇಳಬೇಕಿತ್ತು. ಅದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ಸಾನ್ವಿಗೆ ಅಷ್ಟು ಕನ್ನಡ ಪದಗಳೂ ಗೊತ್ತಿರಲಿಲ್ಲ.

“ಅಜ್ಜಿ, ಇದು ಸೂಯೆಟ್. ಆಕಳ ಹೊಟ್ಟಿ ಒಳಗಿನ ಫ್ಯಾಟ್. ಅವರು ಬೆಣ್ಣಿ ಅಂದೇ ಇಲ್ಲ, ಇದನ್ನೇ ಅಂದಿದ್ರು. ಕಿಡ್ನಿ ಅಂತಾನೂ ಅಂದಿದ್ರು. ನಾನೇ ಸುಳ್ಳು ಹೇಳಿದೆ. ಬಾಕ್ಸ್‌ದಾಗ ನಮ್ಮನಿ ಬೆಣ್ಣಿ ತಂದು ಹಾಕಿದೆ. ಬಟ್ಟಲದಾಗ ಇರೋದು ಬೆಣ್ಣಿನೇ. ಪ್ರಾಮಿಸ್.”

ಅಜ್ಜಿ ಬಟ್ಟಲಿನಿಂದ ಕೈ ತೆಗೆದರು. ಸಿಂಕಿನ ಹತ್ತಿರ ಹೋಗಿ ತೊಳೆದುಕೊಂಡರು. ಬಹಳ ಹೊತ್ತು ತೊಳೆದರು. ಹಾಗೇ ಬಾಗಿಲ ಕಡೆ ಹೋಗುತ್ತಾರೆ ಎಂದು ಸಾನ್ವಿ ಕಾದಳು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ತಿರುಗಿದರು.

“ಹೇಳಿದ್ರ ನಾ ಬರೂದಿಲ್ಲಂತ ತಿಳದ್ಯೇನು?”

ಸಾನ್ವಿ ಹೌದೆಂದು ತಲೆಯಾಡಿಸಿದಳು.

“ಬರತಿದ್ದೆ. ಅದನ್ನ ನೀವ ಹಾಕ್ರಿ, ಕಲಸ್ರಿ, ನಾ ಅರಿವಿ ಕಟ್ಟಿಕೊಡತೀನಿ ಅಂತಿದ್ದೆ. ತಿನ್ನೂದಿಲ್ಲ ಅಂತನೂ ಅಂತಿದ್ದೆ. ಅದಕ್ಕೇನಾತು? ನನಗೊಂದ ಮಾತ ಕೇಳಬೇಕಿತ್ತಿಲ್ಲ?”

“ಗಂಗಾ ಏನಂದರು?” ಮಿಸ್ ಐಲ್ಸಾ ಕೇಳಿದರು.

“ನೀವು ಹೇಳಿದ್ದನ್ನೇ,” ಎಂದಳು ಸಾನ್ವಿ. ಮೂಗು ಒರೆಸಿಕೊಂಡಳು. “ಒಂದು ಮಾತು ಕೇಳಬೇಕಿತ್ತು ಅಂತ.”

ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ. ಆದರೆ ಮಿಸ್ ಐಲ್ಸಾ ಮೇಜಿನ ಮೇಲಿದ್ದ ಟಿಶ್ಯೂ ಡಬ್ಬವನ್ನು ಸಾನ್ವಿಯ ಕಡೆ ತಳ್ಳಿದರು.

“ಈಗ ಸರಿಯಾಗಿ ಕೇಳು,” ಎಂದರು ಅಜ್ಜಿ. “ಹುಟ್ಟಿದ ಹಬ್ಬ ಅವ್ರದು. ಅವ್ರ ಅವ್ವ ಮಾಡಿದಂಗ ಬೇಕಂದ್ರ ಆ ಚೀಲದಾಗಿಂದ ಹಾಕಲಿ. ಬ್ಯಾರೆ ಹಿಟ್ಟು ಕಲಸಲಿ. ನಾ ಇಲ್ಲೇ ಕುಂತಿರ್ತೀನಿ. ಬೆಣ್ಣಿ ನಡೀತೈತಿ ಅಂದ್ರ ನಾ ಕಲಸತೀನಿ. ಅವ್ರಿಗೆ ಹ್ಯಾಂಗ ಬೇಕೋ ಹಂಗ.”

ಸಾನ್ವಿ ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದಳು.

ಮಿಸ್ ಐಲ್ಸಾ ಯೋಚಿಸಿದರು. ಚೀಲವನ್ನು ಎತ್ತಿ ನೋಡಿದರು, ಇಟ್ಟರು.

“ಯುದ್ಧ ಮುಗಿದ ಮೇಲೂ ಎಷ್ಟೋ ವರ್ಷ ಸೂಯೆಟ್ಟೂ ಸಿಗುತ್ತಿರಲಿಲ್ಲ,” ಎಂದರು. “ಅಮ್ಮ ಏನೇನು ಹಾಕಿದ್ದರೋ ದೇವರಿಗೇ ಗೊತ್ತು. ನಾವು ತಿಂದೆವು. ಬೆಣ್ಣೆಯೇ ಇರಲಿ. ನಾನೊಬ್ಬಳೇ ಕೂತು ತಿನ್ನೋದಕ್ಕೆ ಇಷ್ಟು ದೊಡ್ಡ ಡಂಪ್ಲಿಂಗ್ ಯಾಕೆ?”

ಅಜ್ಜಿ ಸೆರಗು ಮತ್ತೆ ಸಿಕ್ಕಿಸಿಕೊಂಡರು. ಬಟ್ಟಲಿಗೆ ಕೈ ಹಾಕುವ ಮುನ್ನ ಒಲೆಯ ಮೇಲಿದ್ದ ಪಾತ್ರೆಯನ್ನು ನೋಡಿದರು. “ಆ ಬೋಗುಣಿಯಾಗ ಮಾಂಸ ಬೇಯಿಸಿರ್ತಾರ. ನಮ್ಮನಿ ದೊಡ್ಡ ಬೋಗುಣಿ ತಗೊಂಡು ಬಾ. ಯಾಕಂತ ಅವ್ರಿಗೂ ಹೇಳಿ ಹೋಗು.”

ಹಿಂದಿನ ದಿನವಾಗಿದ್ದರೆ ಸಾನ್ವಿ ‘ಈ ಪಾತ್ರೆ ಚಿಕ್ಕದಾಯ್ತಂತೆ’ ಎಂದುಬಿಡುತ್ತಿದ್ದಳು. ಈಗ ಒಂದು ಸಲ ಉಗುಳು ನುಂಗಿ ಇದ್ದದ್ದನ್ನು ಇದ್ದಂತೆ ಹೇಳಿದಳು.

ಮಿಸ್ ಐಲ್ಸಾ ಹುಬ್ಬು ಮೇಲೇರಿಸಿದರು. ಸಾನ್ವಿ ಕಾದಳು.

“ದೊಡ್ಡದಿದೆಯಂತಾ?” ಎಂದರು. “ಹಾಗಿದ್ದರೆ ತಾ. ನನ್ನದು ಯಾವತ್ತೂ ಉಕ್ಕುತ್ತದೆ. ಮುಚ್ಚಳವನ್ನೂ ತಾ.”

ಅಲ್ಲಿಂದ ಕೆಲಸ ಓಡಿತು. ಅಜ್ಜಿ ಕಪ್ಪು ಕಾಕಂಬಿ ಎರಡು ಚಮಚ ಹಾಕಿ, ಹಾಲು ಹೊಯ್ದು, ಹಿಟ್ಟನ್ನು ಹೋಳಿಗೆಯ ಕಣಕದಂತೆ ಮೆತ್ತಗೆ ಕಲಸಿದರು. “ಅಷ್ಟು ಮೆತ್ತಗೆ ಬೇಡ,” ಎಂದರು ಮಿಸ್ ಐಲ್ಸಾ. ಮತ್ತೆ ಒಂದು ಹಿಡಿ ಬ್ರೆಡ್ ಪುಡಿ ಬಿತ್ತು.

ಆಮೇಲೆ ಬಟ್ಟೆಯ ಸರದಿ. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ, ಇಕ್ಕುಳದಿಂದ ಎತ್ತಿ, ಅಜ್ಜಿ ಹಿಂಡಿದರು. ಬಿಸಿಗೆ ಸಾನ್ವಿ ಹಿಂದೆ ಸರಿದಳು, ಅಜ್ಜಿಯ ಕೈಗೆ ಏನೂ ಆಗಲಿಲ್ಲ. ಒದ್ದೆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆಲ್ಲ ಒಣ ಮೈದಾ ಉದುರಿಸಬೇಕಾಗಿತ್ತು. ಅದು ಸಾನ್ವಿಯ ಕೆಲಸ.

“ದಪ್ಪಗೆ ಉದುರಿಸು,” ಎಂದರು ಮಿಸ್ ಐಲ್ಸಾ. “ಆ ಹಿಟ್ಟೇ ಬೆಂದು ಡಂಪ್ಲಿಂಗಿಗೆ ಮೇಲಿನ ಸಿಪ್ಪೆಯಾಗೋದು. ಸಿಪ್ಪೆ ಇಲ್ಲದಿದ್ದರೆ ಅದು ಡಂಪ್ಲಿಂಗ್ ಅಲ್ಲ, ಬರೀ ಪುಡಿಂಗ್.”

ಹಿಟ್ಟಿನ ಉಂಡೆಯನ್ನು ನಡುವೆ ಇಟ್ಟು ನಾಲ್ಕು ತುದಿಗಳನ್ನೂ ಕೂಡಿಸಿದರು. ಅಜ್ಜಿ ಬುತ್ತಿ ಗಂಟು ಕಟ್ಟುವಂತೆ ಬಿಗಿಯಾಗಿ ಸುತ್ತಿದರು.

“ಬಿಗಿ ಬೇಡ ಅಂತಾರೆ, ಅಜ್ಜಿ. ಉಬ್ಬೋಕೆ ಜಾಗ ಬೇಕಂತೆ. ಆದರೆ ಗಂಟು ಮಾತ್ರ ಟೈಟ್ ಇರಬೇಕಂತೆ, ನೀರು ಹೋಗಬಾರದು.”

“ಒಳಗ ಸಡಿಲ, ಮ್ಯಾಲೆ ಬಿಗಿ,” ಎಂದು ಅಜ್ಜಿ ಗಂಟು ಬಿಚ್ಚಿ ಮತ್ತೆ ಕಟ್ಟಿದರು. ಮಿಸ್ ಐಲ್ಸಾ ಎಡಗೈ ಬೆರಳನ್ನು ಗಂಟಿನ ಮೇಲೆ ಒತ್ತಿ ಹಿಡಿದರು. ಅದರ ಸುತ್ತ ಅಜ್ಜಿ ದಾರ ಎಳೆದರು.

ಬೋಗುಣಿಯ ತಳದಲ್ಲಿ ಒಂದು ತಟ್ಟೆ ಕವುಚಿ ಹಾಕಿ, ಅದರ ಮೇಲೆ ಗಂಟನ್ನು ಇಳಿಸಿದರು. ಇನ್ನು ಮೂರೂವರೆ ತಾಸು. ನೀರು ಕುದಿಯುತ್ತಲೇ ಇರಬೇಕು, ಕಡಿಮೆಯಾಗಬಾರದು, ಗಂಟಿನ ಮೇಲೂ ಬರಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಟಲ್‌ನಿಂದ ಬಿಸಿನೀರು ಹೊಯ್ಯುವ ಡ್ಯೂಟಿ ಸಾನ್ವಿಗೆ ಬಿತ್ತು. ತಳದಲ್ಲಿ ತಟ್ಟೆ ಗಡಗಡ ಸದ್ದು ಮಾಡುತ್ತಿತ್ತು. “ಆ ಸದ್ದು ನಿಂತರೆ ನೀರು ಕಡಿಮೆಯಾಯಿತು ಅಂತ,” ಎಂದಿದ್ದರು ಮಿಸ್ ಐಲ್ಸಾ.

ಎರಡು ತಾಸಿನ ಹೊತ್ತಿಗೆ ಅಮ್ಮ ಬಂದು ಇಣುಕಿದಳು. ಸಾನ್ವಿ ಅವಳನ್ನು ಪಕ್ಕಕ್ಕೆ ಕರೆದು ಸೈನ್ಸ್ ಪ್ರಾಜೆಕ್ಟ್ ಬಗ್ಗೆಯೂ ಹೇಳಿದಳು. ಅಮ್ಮ ಬೋಗುಣಿಯ ಕಡೆ ನೋಡಿ, ಅವಳ ಕಡೆ ನೋಡಿ, “ಮುಂದಿನ ಸಲ ತುಪ್ಪ ಕಾಸೂದು ನೀನ,” ಎಂದಳು. ಅಷ್ಟಕ್ಕೇ ಬಿಟ್ಟಳು.

ಮೂರೂವರೆ ತಾಸಾದ ಮೇಲೆ ಅಜ್ಜಿ ಗಂಟನ್ನು ಎತ್ತಿ ತಣ್ಣೀರಿನಲ್ಲಿ ಅದ್ದಿ ತೆಗೆದರು. ಹಾಗೆ ಮಾಡಿದರೆ ಬಟ್ಟೆ ಬಿಡುತ್ತದಂತೆ. ದಾರ ಕತ್ತರಿಸಿ ನಿಧಾನವಾಗಿ ಬಿಡಿಸಿದರು. ಬಟ್ಟೆಯ ಒಂದೊಂದು ಮಡಿಕೆಯೂ ಅಚ್ಚು ಹಾಕಿದಂತೆ ಉಳಿದ ಕಂದು ಬಣ್ಣದ ದುಂಡು ಕೇಕು. ಒಂದು ಕಡೆ ಬಟ್ಟೆ ಅಂಟಿಕೊಂಡು, ಅಂಗೈಯಷ್ಟು ಸಿಪ್ಪೆ ಕಿತ್ತುಬಂತು.

“ಅಯ್ಯ,” ಎಂದರು ಅಜ್ಜಿ.

ಅಲ್ಲಿ ಸಾನ್ವಿ ಹಿಟ್ಟು ತೆಳ್ಳಗೆ ಉದುರಿಸಿದ್ದಳು. ಆ ಮೂಲೆ ಮುಗಿಯುವ ಮೊದಲೇ ಅವಳ ಕೈ ಸೋತಿತ್ತು. ಅವಳು ಅದನ್ನೂ ಹೇಳಿದಳು, ಎರಡೂ ಭಾಷೆಯಲ್ಲಿ.

ಅಜ್ಜಿ ತಂದಿದ್ದ ಸ್ಟೀಲಿನ ತಟ್ಟೆಯಲ್ಲಿಟ್ಟು ಅವನ್‌ನಲ್ಲಿ ಇಪ್ಪತ್ತು ನಿಮಿಷ ಒಣಗಿಸಿದಾಗ ಸಿಪ್ಪೆ ಹೊಳೆಯತೊಡಗಿತು. ಹರಿದ ಕಡೆ ಮಾತ್ರ ಒರಟಾಗಿಯೇ ಉಳಿಯಿತು. ಮಿಸ್ ಐಲ್ಸಾ ಆ ಕಡೆಯನ್ನು ಗೋಡೆಗೆ ತಿರುಗಿಸಿ ಒಂದು ಮೇಣದ ಬತ್ತಿ ಚುಚ್ಚಿದರು. ಎಂಬತ್ತು ಹಚ್ಚಿದರೆ ಮನೆಗೆ ಬೆಂಕಿ ಬೀಳುತ್ತದೆ ಎಂದರು. ಅಮ್ಮನೂ ಸಾನ್ವಿಯೂ ಹಾಡಿದರು, ಅಜ್ಜಿ ಚಪ್ಪಾಳೆ ತಟ್ಟಿದರು.

ಅಜ್ಜಿ ಮೊದಲ ಹೋಳು ಕತ್ತರಿಸಿ ಅಕ್ಕಾರಿಗೆ ಕೊಟ್ಟರು. ಮಿಸ್ ಐಲ್ಸಾ ಬಾಯಿಗಿಟ್ಟು ನಿಧಾನವಾಗಿ ಅಗಿದರು. ಕಣ್ಣು ಎಲ್ಲೋ ದೂರದಲ್ಲಿತ್ತು.

“ಅಮ್ಮನದರ ಹಾಗಿಲ್ಲ,” ಎಂದರು.

ಅಜ್ಜಿ ಸಾನ್ವಿಯನ್ನು ನೋಡಿದರು. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಅಜ್ಜಿಯ ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. ಅವರಿಗೆ ಇದನ್ನು ಹೇಳುವುದು ಹೇಗೆ?

“ಅವರ ಅಮ್ಮ ಮಾಡಿದಂಗ ಆಗಿಲ್ಲಂತ, ಅಜ್ಜಿ.”

ಅಜ್ಜಿ ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡರು. “ಆಗೂದಿಲ್ಲ. ನಾ ಅವ್ರ ಅವ್ವ ಅಲ್ಲ,” ಎಂದರು. ಇನ್ನೊಂದು ಚೂರು ತಿಂದರು. “ಶುಂಠಿ ಜಾಸ್ತಿ ಆಗೇತಿ. ಯಾಲಕ್ಕಿ ಇರಬೇಕಿತ್ತು. ಹೇಳು ಅವ್ರಿಗೆ.”

ಸಾನ್ವಿ ಹೇಳಿದಳು.

“ಏಲಕ್ಕಿಯಾ?” ಮಿಸ್ ಐಲ್ಸಾ ಫೋರ್ಕ್ ಕೆಳಗಿಟ್ಟರು. “ಡಂಪ್ಲಿಂಗಿಗೆ ಏಲಕ್ಕಿ ಹಾಕಿದರೆ ಡಂಡಿಯಲ್ಲಿ ಜನ ಮನೆಗೆ ಬರೋದಿಲ್ಲ ಅಂತ ಹೇಳು. ಶುಂಠಿ ಸರಿಯಾಗಿಯೇ ಇದೆ.”

“ಸರಿ ಇಲ್ಲ. ನಾಲಗಿ ಸುಡಾಕತ್ತೈತಿ.”

“ಗಂಗಾ ಮಾಡುವ ಸಾರು ಸುಡೋದಿಲ್ಲವಾ? ಮೊನ್ನೆ ನನ್ನ ಕಣ್ಣಲ್ಲಿ ನೀರು ಬಂತು. ಹೇಳು ಅದನ್ನೂ.”

“ಸಾರು ಸುಡಬೇಕು, ಕಡಬು ಸುಡಬಾರದು.”

ಸಾನ್ವಿ ಒಂದು ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇನ್ನೊಂದು ಕಡೆ ತಿರುಗಿ ಕನ್ನಡದಲ್ಲಿ, ಉಸಿರು ಬಿಡಲು ಪುರಸೊತ್ತಿಲ್ಲದಂತೆ ಹೇಳಿದಳು. ಶುಂಠಿ, ಸಾರು, ಏಲಕ್ಕಿ, ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಮಿಸ್ ಐಲ್ಸಾ ಎಡಗೈಯಿಂದ ಮೇಜು ಬಡಿದರು. ಅಜ್ಜಿ ಬೆರಳೆತ್ತಿ ಮಾತಾಡಿದರು.

ಇನ್ನೇನು ಯಾರಾದರೂ ಎದ್ದು ಹೋಗುತ್ತಾರೆ ಎಂದು ಸಾನ್ವಿ ಇಬ್ಬರನ್ನೂ ನೋಡಿದಳು. ಯಾರೂ ಏಳಲಿಲ್ಲ. ಅಜ್ಜಿ ಮಾತಾಡುತ್ತಲೇ ಅಕ್ಕಾರ ತಟ್ಟೆಗೆ ಎರಡನೇ ಹೋಳು ಹಾಕಿದರು. ಮಿಸ್ ಐಲ್ಸಾ ವಾದ ಮಾಡುತ್ತಲೇ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಸಾನ್ವಿಗೆ ಆಗ ಹಸಿವಾಯಿತು. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ.

“ಒಂದು ನಿಮಿಷ ಇರಿ,” ಎಂದು ಇಬ್ಬರಿಗೂ ಹೇಳಿ, ಅವಳು ಕುರ್ಚಿ ಎಳೆದುಕೊಂಡು ನಡುವೆ ಕೂತು, ಸಿಪ್ಪೆ ಕಿತ್ತುಹೋಗಿದ್ದ ಕಡೆಯಿಂದ ತನಗೊಂದು ದೊಡ್ಡ ಹೋಳು ಕತ್ತರಿಸಿಕೊಂಡಳು.